ಕುಸ್ತಿ ಕಣದ ಹೊರಗೆ ಒಂದು ಚಪ್ಪಲಿ

ಆ ಸಂಜೆ ಲಕ್ಷ್ಮೇಶ್ವರದ ಕುಸ್ತಿ ಕಣದ ಹತ್ತಿರ ಯಾರ್ಯಾರಿದ್ದರು ಅಂತ ಮೊದಲು ಹೇಳಿಬಿಡುತ್ತೇನೆ. ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದ ಬಸಪ್ಪನವರಿದ್ದರು, ಹೆಗಲ ಮೇಲೆ ಟವೆಲ್ಲು, ಬಾಯಲ್ಲಿ ಎಲೆ ಅಡಿಕೆ. ನನ್ನ ಪಿಜಿ ವಿದ್ಯಾರ್ಥಿನಿ ಡಾಕ್ಟರ್ ಸುಮಾ ಇದ್ದಳು, ಶಿರಹಟ್ಟಿಯ ಹುಡುಗಿ, ಐಸಿನ ಡಬ್ಬಿ ಹಿಡಿದುಕೊಂಡು. ಮೈಕಿನಲ್ಲಿ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡ ಮಾಸ್ತರರೊಬ್ಬರು. ಸುತ್ತ ಜನವೋ ಜನ. ಮತ್ತೆ ನಾನು, ಗಿರಿಜಾ. ಗದಗಿನ ಮೆಡಿಕಲ್ ಕಾಲೇಜೊಂದರಲ್ಲಿ ಸ್ಪೋರ್ಟ್ಸ್ ಮೆಡಿಸಿನ್ ಮತ್ತು ರಿಹ್ಯಾಬಿಲಿಟೇಶನ್ ಕಲಿಸುವವಳು. ಕುಸ್ತಿಯಿರಲಿ, ಸೈಕಲ್ ರೇಸಿರಲಿ, ಕರೆದರೆ ಚೀಲ ಹೆಗಲಿಗೇರಿಸಿ ಹೊರಡುವವಳು.

ಹಿರೇವಡ್ಡಟ್ಟಿಯ ಪೈಲ್ವಾನನೊಬ್ಬ ಬಿದ್ದ. ಭುಜ ಕೀಲು ತಪ್ಪಿತ್ತು. ಜೀಪಿನ ಹತ್ತಿರ ನಿಂತಿದ್ದವಳು ಓಡಿದೆ. ಕಣದ ಕೆಂಪು ಮಣ್ಣನ್ನು ಎಣ್ಣೆ, ಮಜ್ಜಿಗೆ, ಅರಿಶಿಣ ಹಾಕಿ ಹದ ಮಾಡಿರುತ್ತಾರೆ. ಅದನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡೇ ಇಳಿಯಬೇಕು, ಬರಿಗಾಲಲ್ಲಿ. ಡಾಕ್ಟರಿಗೂ ಅದೇ ರಿವಾಜು. ಭುಜ ಕೂಡಿಸಿ, ಕೈಗೆ ಜೋಲಿ ಕಟ್ಟಿ ಹೊರಬಂದರೆ ಅಂಚಿನಲ್ಲಿ ನನ್ನ ಬಲಗಾಲಿನ ಚಪ್ಪಲಿ ಒಂದೇ ಇತ್ತು.

ವಸ್ತಾದರು ಸುಮ್ಮನಿರುವ ಪೈಕಿಯವರಲ್ಲ. "ಡಾಕ್ಟರಬಾಯಾರ ಎಡಗಾಲ ಚಪ್ಪಲ್ ಯಾವನ್ಲೇ ಒಯ್ದಾಂವ? ಒಂದ ಚಪ್ಪಲ್ ಒಯ್ದು ಹೇಣ್ತಿಗೆ ಏನಂತ ಹೇಳಿ ಕೊಡತೀಯೋ?"

ಜನ ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಯಾರೋ ಅದನ್ನು ಹುಡುಕಿ ತಂದರು. ಜೀಪಿನ ಹತ್ತಿರ, ನೀರಿನ ಟ್ಯಾಂಕರಿನ ಪಕ್ಕ ಬಿದ್ದಿತ್ತಂತೆ.

"ಅವಸರದಾಗ ಅಲ್ಲೇ ಬಿಟ್ಟು ಬಂದಿರಬೇಕ್ರಿ," ಎಂದೆ.

ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ಬರಿಗಾಲಲ್ಲಿ ಇಳಿಯಬೇಕಾದ ಕಡೆ ಚಪ್ಪಲಿ ಯಾಕೆ ಬಿಟ್ಟಿ ಅಂತ ಯಾರು ಕೇಳುತ್ತಾರೆ?

ಗದಗಿಗೆ ವಾಪಸಾಗುವಾಗ ಅಂಗಾಲು ಜುಮುಜುಮು ಎನ್ನುತ್ತಿತ್ತು. ದಿನವಿಡೀ ನಿಂತಿದ್ದಕ್ಕೆ ಅಂದುಕೊಂಡೆ. ಕೆಲವು ದಿನಗಳ ಹಿಂದೆ ಮುಂಡರಗಿಯ ಕ್ಯಾಂಪಿನಲ್ಲಿ ಏನೋ ತಿಂದು ಹೊಟ್ಟೆ ಕೆಟ್ಟಿತ್ತು. ಅದರ ನಿತ್ರಾಣ ಇನ್ನೂ ಇದೆ ಅಂದುಕೊಂಡೆ. ಅಂದುಕೊಳ್ಳುವುದಕ್ಕೇನು, ಬೇಕಾದಷ್ಟು ಕಾರಣ ಸಿಗುತ್ತವೆ.

ಮರುದಿನ ಬೆಳಿಗ್ಗೆ ಬೆಟಗೇರಿಯ ನಮ್ಮ ಮನೆಯ ಮೆಟ್ಟಿಲು ಇಳಿಯುತ್ತಿದ್ದೆ. ಪಡಸಾಲೆಯಲ್ಲಿ ಅಕ್ಕ ಮಗ್ಗಕ್ಕೆ ಕೂತಿದ್ದಳು. ಎಡ ಮೊಣಕಾಲು ಮಡಚಿಕೊಂಡಿತು. ಹಿಂದೆಯೇ ಬಲಗಾಲೂ. ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತೆ.

ಮಗ್ಗದ ಸದ್ದು ನಿಂತಿತು. "ಯಾಕ ಗಿರಿಜಿ, ಹಂಗ್ಯಾಕ ಕುಂತಿ?"

"ನನ್ನ ಚೀಲಾ ಕೊಡು ಇಲ್ಲೆ."

ಚೀಲದಿಂದ ರಿಫ್ಲೆಕ್ಸ್ ಹ್ಯಾಮರ್ ತೆಗೆದು ಮೊಣಕಾಲ ಚಿಪ್ಪಿನ ಕೆಳಗೆ ಬಡಿದೆ. ಇನ್ನೊಮ್ಮೆ. ಇನ್ನೊಂದು ಕಾಲಿಗೆ.

ಕಾಲು ಅಲುಗಲಿಲ್ಲ.

ಆಸ್ಪತ್ರೆ ನಮ್ಮ ಕಾಲೇಜಿನದೇ, ಮಲಗಿದ ಕಾಟ್ ಮಾತ್ರ ಹೊಸದು. ಹಿಸ್ಟರಿ ತೆಗೆದುಕೊಳ್ಳಲು ಸುಮಾ ಬಂದಳು. ಮುಖ ಬಿಳಚಿಕೊಂಡಿತ್ತು. ಜ್ವರ ಕೇಳಿದಳು, ಹೊಟ್ಟೆ ಕೇಳಿದಳು, ಬೆನ್ನುನೋವು ಕೇಳಿದಳು. ಆಮೇಲೆ ಪೆನ್ನು ನಿಲ್ಲಿಸಿದಳು.

"ಮೇಡಮ್, ನಡಿಯುವಾಗ ಚಪ್ಪಲ್ ಜಾರತಾವೇನ್ರಿ? ಜಾರಿದ್ದು ಗೊತ್ತಾಗತೈತೋ, ಇಲ್ಲೋ?"

ನಮ್ಮ ಕಡೆ ಕಾಲಿನ ನರದ ಕಥೆ ಕೇಳುವಾಗ ಬಿಡದೆ ಕೇಳುವ ಪ್ರಶ್ನೆ ಇದು. ಜಾರಿದ್ದು ಗೊತ್ತಾದರೆ ಬಲ ಹೋಗಿದೆ. ಗೊತ್ತೇ ಆಗದಿದ್ದರೆ ಸ್ಪರ್ಶವೂ ಹೋಗುತ್ತಿದೆ. ಬೂಟು ಹಾಕುವ ದೇಶದ ಪುಸ್ತಕದಲ್ಲಿ ಹುಡುಕಬೇಡಿ, ಪೇಷಂಟಿನ ಕಾಲು ನೋಡಿ ಕೇಳಿ ಅಂತ ಪ್ರತಿ ಬ್ಯಾಚಿಗೂ ಹೇಳಿಕೊಟ್ಟವಳು ನಾನೇ. ಟ್ಯಾಂಕರಿನ ಪಕ್ಕದಿಂದ ಕಣದವರೆಗೆ ಒಂದೇ ಚಪ್ಪಲಿಯಲ್ಲಿ ಓಡಿದ್ದೆ.

"ಗೊತ್ತಾಗಿರಲಿಲ್ಲ," ಎಂದೆ.

ಅವಳು ಬರೆದುಕೊಂಡಳು. ಬರೆಯುತ್ತ ಅತ್ತಳು.

ನರ್ವ್ ಕಂಡಕ್ಷನ್ ಆಯಿತು, ಬೆನ್ನಿನ ನೀರು ತೆಗೆದು ನೋಡಿದ್ದಾಯಿತು. ಗಿಯಾನ್ ಬಾರೆ ಸಿಂಡ್ರೋಮ್. ಮೈಯ ಕಾವಲು ಪಡೆಗೆ ತಲೆಕೆಟ್ಟು ಮೈಯ ನರಗಳ ಮೇಲೆಯೇ ಬೀಳುವ ರೋಗ. ಹೊಟ್ಟೆ ಕೆಟ್ಟ ಬೆನ್ನಿಗೇ ಬರುವುದುಂಟು. ಕಾಲಿನಿಂದ ಹತ್ತುತ್ತದೆ. ಎಲ್ಲಿಗೆ ನಿಲ್ಲುತ್ತದೆ ಅಂತ ಮೊದಲೇ ಯಾರೂ ಹೇಳಲಾರರು. ಎದೆಗೆ ಬಂದರೆ ವೆಂಟಿಲೇಟರ್. ನ್ಯೂರಾಲಜಿಸ್ಟ್ ನನ್ನ ಜೊತೆ ಓದಿದವನು. ದಿನಕ್ಕೆ ಹಲವು ಸಲ ಬಂದು ಒಂದೇ ಉಸಿರಿನಲ್ಲಿ ಎಣಿಸು ಎನ್ನುತ್ತಿದ್ದ. ಪ್ರತಿ ಸಲ ಎಣಿಕೆ ಗಿಡ್ಡವಾಗುತ್ತಿತ್ತು. ಇಮ್ಯುನೋಗ್ಲೋಬ್ಯುಲಿನ್ ಬಾಟಲಿ ಹನಿ ಹನಿ ಇಳಿಯುತ್ತಿತ್ತು.

"ನಾ ನಡಿತೇನೋ ಇಲ್ಲೋ? ಖರೆ ಹೇಳು," ಎಂದೆ ಅವನಿಗೆ.

"ಭಾಳ ಮಂದಿ ನಡೀತಾರ. ನೀನ ಹೇಳತಿದ್ದಿಯಲ್ಲ?"

"ಅದು ಪೇಷಂಟರಿಗೆ ಹೇಳತಿದ್ದೆ."

"ಈಗ ನೀ ಪೇಷಂಟ. ಡಾಕ್ಟರಕೀ ನನಗ ಬಿಡು."

ಬಿಡುವುದು ಹೇಗೆ? ಅಜ್ಜಿ ಕಾಲದಿಂದ ನಮ್ಮ ಮನೆಯಲ್ಲಿ ಕೈಕಾಲು ಸುಮ್ಮನಿದ್ದವರಿಲ್ಲ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಹಲಗೆ ತುಳಿಯುವ ನೇಕಾರರು ನಾವು. ನಾನು ಈ ಸಬ್ಜೆಕ್ಟ್ ತೆಗೆದುಕೊಂಡಾಗ ಓಣಿಯವರು, "ಓಪರೇಶನ್ ಮಾಡಂಗಿಲ್ಲಂತ, ಬರೇ ಕಾಲ ಎತ್ತಸ್ತಾಳಂತ" ಅಂತ ನಗುತ್ತಿದ್ದರು. ಖರೆ, ಹತ್ತಾರು ವರ್ಷ ಜನರ ಕಾಲು ಎತ್ತಿಸಿದೆ. ಈಗ ಹೊದಿಕೆಯ ಕೆಳಗೆ ನನ್ನ ಹೆಬ್ಬೆರಳಿಗೆ ಎದ್ದೇಳು ಅಂತ ಬೇಡುತ್ತಿದ್ದೆ. ಅದು ಯಾರದೋ ಮನೆಯ ಬೆರಳಿನ ಹಾಗೆ ಬಿದ್ದಿತ್ತು. ಫ್ಯಾನ್ ನೋಡುತ್ತಿದ್ದೆ, ಬಾಗಿಲು ನೋಡುತ್ತಿದ್ದೆ, ಮತ್ತೆ ಫ್ಯಾನ್. ಅಕ್ಕ ತಲೆ ಬಾಚುತ್ತಿದ್ದಳು. "ಹೊಯ್ದಾಡಬ್ಯಾಡ," ಎನ್ನುತ್ತಿದ್ದಳು. ಮೈ ಎಲ್ಲಿ ಹೊಯ್ದಾಡುತ್ತಿತ್ತು? ಮನಸ್ಸು ಹೊಯ್ದಾಡುತ್ತಿತ್ತು.

ರೋಗ ಎದೆಯ ಹೊಸ್ತಿಲಿಗೆ ಬಂದು ನಿಂತಿತು. ಒಳಗೆ ಬರಲಿಲ್ಲ.

ಆಮೇಲೆ ನನ್ನದೇ ಡಿಪಾರ್ಟ್ಮೆಂಟಿಗೆ ವೀಲ್ ಚೇರಿನಲ್ಲಿ ಹೋದೆ. ಪ್ಯಾರಲಲ್ ಬಾರ್ ಹಿಡಿದು ನಿಂತ ದಿನ ಅಕ್ಕ ಎಲ್ಲರಿಗೂ ಪೇಡೆ ಹಂಚಿದಳು. ನನಗೆ ಅಷ್ಟಕ್ಕೇ ಸಮಾಧಾನವಿಲ್ಲ. ಈ ರೋಗದಲ್ಲಿ ದಣಿವು ಮುಟ್ಟುವ ಮೊದಲೇ ನಿಲ್ಲಿಸಬೇಕು, ನರಗಳಿಗೆ ಇನ್ನೂ ತೊಗಲು ಬಂದಿರುವುದಿಲ್ಲ, ಹೆಚ್ಚು ದುಡಿಸಿದರೆ ಕಾಲು ಹಿಂದಕ್ಕೆ ಬೀಳುತ್ತದೆ. ಗೊತ್ತಿತ್ತು. ಆದರೂ ಅಕ್ಕ ಚಹಾ ತರಲು ಹೋದಾಗ ಕಾಟಿನ ಕಬ್ಬಿಣ ಹಿಡಿದು ಏಳುವುದು, ಕೂರುವುದು, ಏಳುವುದು. ಹಾಗೇ ಕೆಲವು ದಿನ ಕದ್ದು ಮಾಡಿದೆ.

ಒಂದು ಮುಂಜಾನೆ ಏಳಲೇ ಆಗಲಿಲ್ಲ.

ಸುಮಾ ಚಾರ್ಟ್ ನೋಡಿದಳು, ನನ್ನ ಮುಖ ನೋಡಿದಳು. "ಮೇಡಮ್, ಕಾಟ್ ಹಿಡಕೊಂಡು ಬೈಠಕ್ ಹೊಡದೀರೇನ್ರಿ? ಪೈಲ್ವಾನರಿಗೆ ಬೈತೀರಿ. ನಿಮಗ ಯಾರ ಬೈಬೇಕ್ರಿ?"

"ನೀನ ಬೈಯವಾ," ಎಂದೆ. ಬೈದಳು. ಚೆನ್ನಾಗಿಯೇ ಬೈದಳು.

ಅದೇ ವಾರ ಬಸಪ್ಪ ವಸ್ತಾದರು ಬಂದರು, ಬಾದಾಮಿ ಅರೆದ ಹಾಲಿನ ಥರ್ಮಾಸ್ ಹಿಡಿದು. ನನ್ನ ಕಳ್ಳ ಬೈಠಕ್ಕಿನ ಸುದ್ದಿ ಅವರಿಗೆ ಮುಟ್ಟಿತ್ತು. ಕುರ್ಚಿಯಲ್ಲಿ ಕೂತು ಧೋತರ ಸರಿಸಿ ಸೊಟ್ಟಗಾದ ಮೊಣಕಾಲು ತೋರಿಸಿದರು.

"ಇದಕ್ಕ ಮೂರ ತಿಂಗಳ ಆರಾಮ ಅಂತ ನೀವ ಹೇಳಿದ್ರಿ. ನಾ ಹದಿನೈದ ದಿನಕ್ಕ ಮಣ್ಣಿಗಿಳದೆ. ನಾವಿಬ್ರೂ ಒಂದ ಗರಡಿ ಮಂದಿ ಬಿಡ್ರಿ, ಹೇಳಿದ್ದ ಕೇಳಂಗಿಲ್ಲ."

ನಕ್ಕೆ. ನಗುವಾಗಲೇ ಕಣ್ಣು ತುಂಬಿತು. "ವಸ್ತಾದರ, ನನಗ ಅಂಜಿಕಿ ಐತ್ರಿ. ಕುಂತರ ಕಾಲ ಹೋಗತಾವೇನೋ ಅನಸತೈತ್ರಿ."

"ನನಗೂ ಹಂಗ ಅನಿಸಿತ್ರಿ," ಎಂದರು. ಥರ್ಮಾಸಿನ ಮುಚ್ಚಳಕ್ಕೆ ಹಾಲು ಬಗ್ಗಿಸಿದರು.

ವಿಶ್ರಾಂತಿ ಪಾಲಿಸುತ್ತಿಲ್ಲ ಅಂತ ಎಷ್ಟು ಪೈಲ್ವಾನರ ಕೇಸ್ ಶೀಟಿನಲ್ಲಿ ಬರೆದಿದ್ದೇನೋ. ಅವರು ಮಾತು ಕೇಳದ್ದು ಸೊಕ್ಕಿನಿಂದ ಅಂದುಕೊಂಡಿದ್ದೆ. ಅದರಲ್ಲಿ ಇಷ್ಟೊಂದು ಅಂಜಿಕೆ ಇರುತ್ತದೆ ಅಂತ ಮಲಗಿದ ಮೇಲೆ ತಿಳಿಯಿತು. ಈಗ ಕ್ಲಾಸಿನಲ್ಲಿ ವ್ಯಾಯಾಮ ಹೇಳಿಕೊಡುವ ಮೊದಲು, ಪೇಷಂಟಿಗೆ ಏನು ಭಯ ಅಂತ ಕೇಳಿ ಎನ್ನುತ್ತೇನೆ. ಹುಡುಗರು ಬರೆದುಕೊಳ್ಳುತ್ತಾರೆ. ಕುರ್ಚಿಯಲ್ಲಿ ಕೂತೇ ಪಾಠ ಮಾಡುತ್ತೇನೆ. ಕಾಲಿನ ಸ್ಪ್ಲಿಂಟ್ ಹೋಯಿತು, ಕೋಲು ಉಳಿಯಿತು. ಮೆಟ್ಟಿಲಿಗೆ ಅಕ್ಕನ ಹೆಗಲು ಬೇಕು. ಓಡುವುದು ಇನ್ನು ಆಗುತ್ತದೋ ಇಲ್ಲವೋ ತಿಳಿಯದು. ನಡೆಯುತ್ತೇನೆ. ಅದು ಸಣ್ಣ ಮಾತಲ್ಲ.

ಮೊನ್ನೆ ಲಕ್ಷ್ಮೇಶ್ವರದಲ್ಲಿ ಮತ್ತೆ ಕುಸ್ತಿ ಇತ್ತು. ವಸ್ತಾದರು ಕಣದ ಅಂಚಿಗೆ ಕುರ್ಚಿ ಹಾಕಿಸಿದ್ದರು. ಅಂತೂರ ಬೆಂತೂರಿನ ಪೈಲ್ವಾನನೊಬ್ಬ ಮೊಣಕಾಲು ಹಿಡಿದುಕೊಂಡು ಬಿದ್ದ. ನಾನು ಎದ್ದೇಬಿಟ್ಟೆ. "ಕುಂಡ್ರಿ ಡಾಕ್ಟರಬಾಯಾರ, ಆಂವ ನಿಮ್ಮ ಹಂತ್ಯಾಕ ಬರ್ತಾನ," ಎಂದರು ವಸ್ತಾದರು. ಸುಮಾ ಚಪ್ಪಲಿ ಬಿಟ್ಟು ಮಣ್ಣಿಗಿಳಿದಳು. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತೆ. ಅವನನ್ನು ಹೊತ್ತು ತಂದರು, ಕೂತಲ್ಲೇ ನೋಡಿದೆ.

ಕುಸ್ತಿ ಮುಗಿದು ಜೀಪಿಗೆ ನಡೆಯುವಾಗ ನೀರಿನ ಟ್ಯಾಂಕರಿನ ಹತ್ತಿರ ಎಡಗಾಲಿನ ಚಪ್ಪಲಿ ಜಾರಿತು.

ಗೊತ್ತಾಯಿತು.

ಹಿಮ್ಮಡಿ ಹಗುರಾದದ್ದು, ಅಂಗಾಲಿಗೆ ಬಿಸಿ ಮಣ್ಣು ತಾಗಿದ್ದು, ಎರಡೂ ಗೊತ್ತಾದವು. ಎತ್ತಿಕೊಡಲು ಸುಮಾ ಬಗ್ಗಿದಳು. "ಇರಲಿ ಬಿಡವಾ," ಎಂದೆ. ಕೋಲೂರಿ ನಿಂತು, ನಿಧಾನ ತಿರುಗಿ, ಕಾಲು ತೂರಿಸಿ ಹಾಕಿಕೊಂಡೆ.