ಕೆರೆ ಪಕ್ಕದ ಎರಡು ಪ್ಲಾಟು

ಗರಸು ಮಣ್ಣು ಸುರಿಯುವ ಟಿಪ್ಪರಿನ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಹಿಂದೆ ಸರಿಯುವಾಗ ಕೀಂ ಕೀಂ, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಕೊನೆಗೆ ಗುಡ್ಡವೇ ಉರುಳಿ ಬಿದ್ದ ಹಾಗೆ ಧಡಧಡ. ಹಾನಗಲ್ಲಿನ ಕೆರೆ ಪಕ್ಕದ ಭತ್ತದ ಗದ್ದೆಗಳು ಲೇಔಟ್ ಆದದ್ದು ಆ ಸದ್ದಿನಲ್ಲಿ. ನಾನು ಮತ್ತು ನನ್ನ ಗೆಳತಿ ಬದುವಿನ ಮೇಲೆ ಒಂದೇ ಛತ್ರಿಯಡಿ ನಿಂತು ನೋಡುತ್ತಿದ್ದೆವು. ನಾನು ಕಿವಿ ಮುಚ್ಚಿಕೊಂಡೆ. ಆಕೆ ಚಪ್ಪಾಳೆ ತಟ್ಟಿದಳು.

"ಬೀಳ್ಲಿ, ಬೀಳ್ಲಿ! ನಮ್ಮ ಅಂಗಳ ಅದು."

"ಮಂದಿ ನೋಡಾಕತ್ತಾರ. ಎಪ್ಪತ್ತ ದಾಟೇತಿ ನಿನಗ. ಬಿಹೇವ್ ಯುವರ್‌ಸೆಲ್ಫ್."

"ದಾಟೇತಿ ಅಂತನ ಮಾಡಾಕತ್ತೇನಿ. ಇನ್ ಯಾವಾಗ ಮಾಡ್ಲಿ?"

ಹುಬ್ಬಳ್ಳಿಯ ಕಾನ್ವೆಂಟಿನ ಬೋರ್ಡಿಂಗ್‌ನಲ್ಲಿ ನಮ್ಮ ಮಂಚಗಳು ಪಕ್ಕಪಕ್ಕದಲ್ಲಿದ್ದವು. ನಾನು ಹಾನಗಲ್ಲಿನ ಜವಳಿ ಅಂಗಡಿಯ ಲಿಂಗಾಯತರ ಮನೆಯವಳು, ಆಕೆ ಸವಣೂರಿನ ಎಲೆತೋಟದ ಸಾಬರ ಮಗಳು. ಲೈಟ್ಸ್ ಆಫ್ ಆದ ಮೇಲೂ ಪಿಸುಗುಟ್ಟಿ ಸಿಸ್ಟರ್ ಕೈಲಿ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ದೊಡ್ಡವರಾದ ಮೇಲೆ ಒಂದೇ ಗೋಡೆಯ ಆಚೀಚೆ ಮನೆ ಮಾಡೋಣ ಎಂಬುದು ಆಗಿನ ಮಾತು. ನಾನು ಮದುವೆಯಾಗಲಿಲ್ಲ, ಹಿರೇಕೆರೂರಿನಲ್ಲಿ ಇಂಗ್ಲಿಷ್ ಕಲಿಸುತ್ತ ಬಾಡಿಗೆ ಖೋಲಿಗಳಲ್ಲೇ ತಲೆ ಬೆಳ್ಳಗಾಯಿತು. ಆಕೆಗೆ ಮದುವೆಯಾಯಿತು, ಮಕ್ಕಳಾಗಲಿಲ್ಲ, ಗಂಡ ತೀರಿಕೊಂಡರು. ಲೇಔಟಿನ ಸುದ್ದಿ ಹೇಳಿದ ದಿನವೇ "ನಾ ಬರ್ತೇನಿ ನಡಿ" ಎಂದು ಸವಣೂರಿನ ಮನೆಯಲ್ಲಿನ ತನ್ನ ಪಾಲನ್ನು ತಮ್ಮಂದಿರಿಗೇ ಮಾರಲು ಹೊರಟಳು. ಪಕ್ಕಪಕ್ಕದ ಎರಡು ಪ್ಲಾಟು ಗೊತ್ತುಮಾಡಿದೆವು, ಆದರೆ ಅವರು ಹಣ ಹೊಂದಿಸುವ ತನಕ ಆಕೆಯ ಪ್ಲಾಟಿನ ರಿಜಿಸ್ಟ್ರೇಷನ್ ತಡೆಯಬೇಕಾಯಿತು. ನನ್ನದು ಅಷ್ಟರಲ್ಲಿ ಮುಗಿದಿತ್ತು.

ನಮ್ಮ ಕಡೆ ಹೊಲಮನೆಯ ಮಾತು ಮುಗಿದರೆ ಕೊಡುವವರು, ಕೊಳ್ಳುವವರು ಎಲೆ-ಅಡಿಕೆ ಹಿಡಿಯುತ್ತಾರೆ. ಆಮೇಲೆ ಮಾತು ಹಿಂದೆ ಸರಿಯುವುದಿಲ್ಲ. ಆಕೆ ತಮ್ಮಂದಿರ ತೋಟದಿಂದ ಒಂದು ಕಟ್ಟು ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಗದ್ದೆಯ ಮಾಲಕರಾದ ಗೌಡರು ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಗೌಡರ ಮನೆಯಿಂದ ಹೊರಗೆ ಬಂದ ಮೇಲೆ, ಒಂದು ಅಗ್ರಿಮೆಂಟ್ ಬರೆಸಿಬಿಡೋಣ ಎಂದೆ.

"ಏ ಕಾನ್ವೆಂಟ್! ಈ ಸೀಮ್ಯಾಗ ಎಷ್ಟ ಲಗ್ನ, ಎಷ್ಟ ಹೊಲ ನಮ್ಮ ತೋಟದ ಎಲಿ ಮ್ಯಾಲ ನಿಂತಾವ ಗೊತ್ತೈತೇನ್? ಮಂದಿ ಎಲ್ಲಾರೂ ನಂಬ್ಯಾರ. ನಾನ ನಂಬ್ಲಿಲ್ಲಂದ್ರ ಹೆಂಗ?"

ಅಗ್ರಿಮೆಂಟಿನ ಮಾತು ಅಲ್ಲಿಗೇ ಬಿಟ್ಟೆ. ಆಕೆಯ ಅಪ್ಪ, ಅಜ್ಜ ಬದುಕಿದ್ದು ಆ ನಂಬಿಕೆಯನ್ನು ಬೆಳೆದು ಮಾರಿ.

ನನ್ನ ಮನೆಯ ಪ್ಲ್ಯಾನ್ ನೋಡಿ ಆಕೆ ಅಡುಗೆಮನೆಯ ಕಿಟಕಿಯನ್ನು ತನ್ನ ಪ್ಲಾಟಿನ ಕಡೆಗೆ ಇಡಿಸಿದಳು, ಅಗಲವಾಗಿ, ಸೊಂಟದೆತ್ತರಕ್ಕೆ. "ನಂದೂ ಎದುರಿಗೇ ಇಡ್ತೇನಿ. ಮುಂಜಾನೆ ಚಾ ಕಿಟಕ್ಯಾಗಿಂದ ಕೊಡ್ತೇನಿ, ನೀ ಚಪ್ಲಿ ಸೈತ ಹಾಕ್ಕೊಳೂದು ಬ್ಯಾಡ."

ಗೋಡೆ ಲಿಂಟಲ್ ಮಟ್ಟಕ್ಕೆ ಬಂದಾಗ ಗೌಡರು ನಮ್ಮಿಬ್ಬರನ್ನೂ ಕರೆಸಿದರು. ಕುಂತ್ಕೊಳ್ರಿ ಎಂದವರು ತಾವು ಮಾತ್ರ ನಿಂತೇ ಇದ್ದರು.

"ನಂದೇನಿಲ್ರಿ ಅಕ್ಕಾರ," ಎಂದು ಆಕೆಯ ಕಾಲ ಬಳಿಯ ನೆಲ ನೋಡುತ್ತ ಹೇಳಿದರು. "ಉಳಿದ ಪ್ಲಾಟಿನವ್ರು ಕೂಡಿ ಬಂದಿದ್ರು. ನಿಮ್ಮ ಮಂದಿಗೆ ಕೊಟ್ರ ನಾವ್ಯಾರೂ ತಗೊಳ್ಳಂಗಿಲ್ಲ ಅಂದ್ರು. ನಾ ಏನ್ ಮಾಡ್ಲಿ ಹೇಳ್ರಿ? ಬ್ಯಾರೇದವ್ರಿಗೆ ಕೊಟ್ಟೇನಿ."

ನಾನು ಎದ್ದು ಬಾಯಿಗೆ ಬಂದ ಹಾಗೆ ಇಂಗ್ಲಿಷಿನಲ್ಲಿ ಬೈದೆ. ಕೋಪ ಬಂದರೆ ನನಗೆ ಇವತ್ತಿಗೂ ಕಾನ್ವೆಂಟಿನ ಇಂಗ್ಲಿಷೇ ಬರುತ್ತದೆ. ಆಕೆ ನನ್ನ ಮುಂಗೈ ಹಿಡಿದು ಕೂರಿಸಿದಳು.

"ಎಲಿ ತಿಂದ್ರೇನ್ರಿ ಗೌಡ್ರ?"

"ತಿಂದ್ನೆರಿ."

"ಚಲೋ ಇದ್ವೇನ್?"

"ಬಾಳ ಚಲೋ ಇದ್ವರಿ."

"ಇರ್ತಾವ್ರಿ. ಸವಣೂರ ಎಲಿ ಅವು," ಎಂದು ಸೆರಗು ಸರಿಮಾಡಿಕೊಂಡು ಎದ್ದಳು.

ರಸ್ತೆಗೆ ಬಂದ ಮೇಲೆ, ನನ್ನ ಮನೆಯನ್ನೂ ಮಾರುತ್ತೇನೆ, ಬೇರೆಲ್ಲಾದರೂ ಇಬ್ಬರೂ ಇರೋಣ ಎಂದೆ. "ಹುಚ್ಚಿ, ನೀ ಮಾರಿದ್ರ ಅವ್ರಿಗೆ ಎರಡೂ ಪ್ಲಾಟ್ ಸಿಕ್ತಾವು. ಒಂದರ ನಮ್ಮ ಕೈಯಾಗ ಇರ್ಲಿ," ಎಂದಳು. ಆಗಲೂ ನಗುತ್ತಲೇ ಇದ್ದಳು. ಸವಣೂರಿನ ಮನೆ ಕೈಬಿಟ್ಟಿತ್ತು. ಹುಲಗೂರಿನಲ್ಲಿ ತಂಗಿಯ ಮಗಳ ಮನೆಯ ಅಟ್ಟದ ಖೋಲಿಗೆ ಟ್ರಂಕು ಹೊತ್ತುಕೊಂಡು ಹೋದಳು.

ನಾನು ಈ ಮನೆಗೆ ಬಂದೆ. ಈಗಿಲ್ಲಿ ವಾಕಿಂಗ್ ಪಾತ್ ಇದೆ, ಸೋಲಾರ್ ದೀಪಗಳಿವೆ, ಪ್ಲಾಟಿನ ರೇಟು ಕೇಳಿದರೆ ತಲೆ ತಿರುಗುತ್ತದೆ. ಎಮ್ಮೆಗಳು ಕೆರೆಗಿಳಿಯುತ್ತಿದ್ದ ದಾರಿಗೆ ತಂತಿ ಬೇಲಿ ಬಂದಿದೆ. ಆಕೆಯ ಪ್ಲಾಟಿನಲ್ಲಿ ಮನೆ ಕಟ್ಟಿದವರು ವಾಸ್ತು ನೋಡಿ ಈ ಕಡೆಗೆ ಒಂದು ಕಿಂಡಿಯನ್ನೂ ಬಿಡಲಿಲ್ಲ. ನನ್ನ ಅಗಲ ಕಿಟಕಿಯ ತುಂಬ ಅವರ ಸಿಮೆಂಟ್ ಗೋಡೆ. ಅವರೇನು ಕೆಟ್ಟವರಲ್ಲ, ದ್ಯಾಟ್ ಈಸ್ ದ ಟ್ರಬಲ್. ಹೋಳಿಗೆ ಮಾಡಿದ ದಿನ ತಪ್ಪದೆ ಕಳಿಸುತ್ತಾರೆ. ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ದವರೂ ಅವರೇ. ಹೋಳಿಗೆ ತಿನ್ನುತ್ತೇನೆ, ಡಬ್ಬಿ ತೊಳೆದು ಮರಳಿಸುತ್ತೇನೆ.

ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಆಗಾಗ ಹುಲಗೂರಿಗೆ ಹೋಗಿ ಬರುತ್ತಿದ್ದೆ. ಹೋದ ವರ್ಷ ಒಂದು ಬೆಳಿಗ್ಗೆ ಆಕೆಯ ತಂಗಿಯ ಮಗಳ ಫೋನು ಬಂತು. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದು, ಗಂಡಸರು ಮಣ್ಣು ಕೊಟ್ಟು ಮನೆಗೆ ಮರಳಿದ್ದರು. ಅಟ್ಟದ ಖೋಲಿಯಲ್ಲಿ ಹಾಸಿಗೆ ಸುತ್ತಿಟ್ಟಿತ್ತು.

ಕೊನೆಯ ಸಲ ನೋಡಿದ್ದು ಅದಕ್ಕೂ ಕೆಲವು ವಾರ ಮೊದಲು. ಮೊಣಕಾಲು ನೋವಿದ್ದರೂ ಅಟ್ಟ ಇಳಿದು ನನ್ನನ್ನು ಕಳಿಸಲು ಬಸ್ ಸ್ಟಾಪಿನ ತನಕ ಬಂದಳು. ನೆಂಟರ ಹಾಗೆ ನಾಲ್ಕು ದಿನ ಬಂದು ಇರು, ಕೆರೆ ತುಂಬಿದೆ, ಯಾರು ಏನು ಅನ್ನುತ್ತಾರೋ ನಾನು ನೋಡುತ್ತೇನೆ ಎಂದೆ.

"ಪಾವಣೇರಂಗ ಬರಂಗಿಲ್ಲ ಲೇ," ಎಂದಳು. "ನಾ ಅಲ್ಲಿ ಇರಾಕ ಬರಾಕಿದ್ದೆ."

ಆಗ ಮಾತ್ರ ನಗಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. "ಈಕೀಗೆ ಕಿಟಕಿ ಸೀಟ್ ಕೊಡ್ರಿ, ಇಲ್ಲಂದ್ರ ಇಂಗ್ಲಿಷಿನ್ಯಾಗ ಬೈತಾಳ," ಎಂದು ಕಂಡಕ್ಟರಿಗೆ ಹೇಳಿ ನನ್ನನ್ನು ಹತ್ತಿಸಿದಳು. ನಾನು ಕುಳಿತು ಹೊರಗೆ ನೋಡುವಷ್ಟರಲ್ಲಿ ಪೇರಲ ಹಣ್ಣಿನ ಬುಟ್ಟಿಯವಳ ಜೊತೆ ಚೌಕಾಸಿಗೆ ನಿಂತಿದ್ದಳು, ಬೆನ್ನು ಈ ಕಡೆಗೆ. ಹೆಸರು ಹಿಡಿದು ಕೂಗಿದೆ. ಬಸ್ಸಿನ ಸದ್ದಿಗೆ ಕೇಳಿಸಲಿಲ್ಲ. ಒಂದು ಹಣ್ಣನ್ನು ಎತ್ತಿ ಮೂಸಿ, ಬೇಡವೆಂದು ತಲೆಯಾಡಿಸಿ, ಮತ್ತೊಂದಕ್ಕೆ ಬಗ್ಗಿದಳು.