ಎದುರಾಳಿಗೆ ಕೊಟ್ಟ ಸರದಿ

ಭಾನುವಾರ ಮಧ್ಯಾಹ್ನ ಚಿತ್ರದುರ್ಗದ ನನ್ನ ಫ್ಲೆಕ್ಸ್ ಅಂಗಡಿಯ ಶಟರ್ ಅರ್ಧ ಇಳಿಸಿ ನಾವು ನಾಲ್ವರು ಆಟಕ್ಕೆ ಕೂರುತ್ತೇವೆ. ಹೊರಗಿನಿಂದ ನೋಡಿದವರಿಗೆ ಬರೀ ಹರಟೆ ಅನಿಸಬಹುದು. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬ ಮನುಷ್ಯರಾಗಿ, ತಾವೇನು ಮಾಡುತ್ತೇವೆಂದು ಬಾಯಲ್ಲೇ ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಉರುಳಿಸಿ ತಿಳಿಯಬೇಕು. ನಮ್ಮಲ್ಲಿ ಕಥೆ ಹೇಳುವವನು ನಾನು. ಎದುರಾಳಿಗಳೆಲ್ಲರ ಮಾತು, ಏಟು, ಸಾವು ನನ್ನ ಪಾಲಿಗೆ.

ಆಡುವವರಲ್ಲಿ ಒಬ್ಬ ನನ್ನ ಭಾಮೈದ. ಮೊಬೈಲ್ ರಿಪೇರಿ ಅವನ ಕೆಲಸ, ಕೈ ಬಾಯಿ ಎರಡೂ ಚುರುಕು. ಇನ್ನೊಬ್ಬರು ಭರಮಸಾಗರದ ಕಡೆಯ ಹೈಸ್ಕೂಲು ಮೇಷ್ಟ್ರು. ತರಗತಿಯಲ್ಲಿ ಹೇಗೋ ಗೊತ್ತಿಲ್ಲ, ನಮ್ಮ ನಡುವೆ ಕೇಳಿದರಷ್ಟೇ ಮಾತಾಡುವವರು. ಮೂರನೆಯವರು ಹೊಸದುರ್ಗದಿಂದ ಬಸ್ಸಿನಲ್ಲಿ ಬರುವ ವಕೀಲೆ. ತವರಿನಲ್ಲಿ ಈಗಲೂ ಕುರಿ ಹಟ್ಟಿ ಇದೆ. ವಾರವೆಲ್ಲ ಕೋರ್ಟಿನಲ್ಲಿ ವಾದಿಸಿ ಸಾಕಾಗಿ, ಇಲ್ಲಿ ಬಂದು ಕತ್ತಿ ಹಿಡಿಯುತ್ತೇನೆ ಎಂದು ನಗುತ್ತಿದ್ದರು.

ಇಂಥದ್ದೇ ಆಟವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದ ಗೆಳೆಯರ ಗುಂಪೊಂದು ಹೊಡೆದಾಟದ ಹೊಸ ನಿಯಮವನ್ನು ಇಂಟರ್ನೆಟ್ಟಿನಲ್ಲಿ ಹಾಕಿ, ಆಡಿ ನೋಡಿ ಅನಿಸಿದ್ದನ್ನು ತಿಳಿಸಿ ಎಂದು ಕೇಳಿಕೊಂಡಿತ್ತು. ಹಳೆಯ ಪದ್ಧತಿಯಲ್ಲಿ ಮೊದಲೇ ದಾಳ ಹಾಕಿ ಯಾರ ನಂತರ ಯಾರು ಎಂದು ಗೊತ್ತು ಮಾಡಿಕೊಳ್ಳುತ್ತಿದ್ದೆವು. ಹೊಸ ನಿಯಮದಲ್ಲಿ ಹಾಗಿಲ್ಲ. ತನ್ನ ಸರದಿ ಮುಗಿಸಿದವನೇ ಮುಂದಿನವರನ್ನು ಕರೆಯಬೇಕು. ಆ ಸುತ್ತಿನಲ್ಲಿ ಇನ್ನೂ ಸರದಿ ಸಿಗದ ಯಾರನ್ನಾದರೂ ಸರಿ. ಎಲ್ಲರದೂ ಮುಗಿದರೆ ಒಂದು ಸುತ್ತು; ಅದರ ಕೊನೆಯವನು ಮುಂದಿನ ಸುತ್ತಿಗೆ ಯಾರನ್ನು ಬೇಕಾದರೂ ಕರೆಯಬಹುದು.

ಯಾವುದೋ ಹುಟ್ಟುಹಬ್ಬದ ಹಳೆಯ ಫ್ಲೆಕ್ಸನ್ನು ಮಗುಚಿ ಹಾಸಿ, ಅದರ ಬಿಳಿ ಬೆನ್ನಿನ ಮೇಲೆ ಮಾರ್ಕರಿನಿಂದ ಒಂದು ಕೆರೆ ಏರಿ ಬರೆದೆ. ಮಳೆಗಾಲ, ಕೆರೆ ತುಂಬಿದೆ. ಏರಿ ಒಡೆಯಲು ಜನ ಬರುತ್ತಿದ್ದಾರೆ, ಕಾಯುವುದು ಈ ಮೂವರ ಸೈನಿಕರ ಕೆಲಸ. ಬರುವವರು ಯಾರು, ಯಾಕೆ ಎಂದು ನಾನು ಯೋಚಿಸಿರಲಿಲ್ಲ. ಹೊಡೆದಾಟದ ನಿಯಮ ಪರೀಕ್ಷಿಸಲು ಹೊಡೆಯುವವರು ಇದ್ದರೆ ಸಾಕಿತ್ತು.

ಮೊದಲ ಸುತ್ತಿನಲ್ಲಿ ಭಾಮೈದ ನುಗ್ಗಿ ಹೊಡೆದು ವಕೀಲೆಯನ್ನು ಕರೆದ. ಅವರು ಹೊಡೆದು ಮೇಷ್ಟ್ರನ್ನು ಕರೆದರು. ನಮ್ಮವರೆಲ್ಲ ಮುಗಿದ ಮೇಲೆ ಉಳಿದದ್ದು ಎದುರಾಳಿಗಳೇ. ಅವರಲ್ಲಿ ಕೊನೆಯವನು ಮುಂದಿನ ಸುತ್ತಿಗೂ ತನ್ನ ಕಡೆಯವರನ್ನೇ ಕರೆದ. ಸಾಲಾಗಿ ಎರಡೆರಡು ಸಲ ಏಟು ಬಿದ್ದು ಭಾಮೈದನ ಸೈನಿಕ ಕಾಲು ಮುರಿದು ಏರಿಯ ಮೇಲೆ ಬಿದ್ದ.

"ಏ ಭಾವ, ಇದೇನ್ ನಿಯಮ ಮಾರಾಯ? ನಾವು ಸುಮ್ನೆ ನಿಂತ್ಕಂಡು ಹೊಡೆಸ್ಕಳಾದಾ? ಇದು ನಡೆಯಲ್ಲ ಅಂತ ಬರೆದು ಕಳ್ಸು."

ನಾನು ಮೇಷ್ಟ್ರ ಕಡೆ ತಿರುಗಿ, "ನಿಮಗೇನ್ ಅನ್ಸುತ್ತೆ ಸಾರ್?" ಎಂದೆ.

ಅವರು ದಾಳವನ್ನು ಬೆರಳಲ್ಲಿ ಹೊರಳಿಸುತ್ತ, "ಹಳೇ ನಿಯಮದಾಗೆ ನನ್ ಪಾಳಿ ದಾಳ ಕೊಡ್ತಿತ್ತು. ಈಗ ನೀವು ಕರೀಬೇಕು. ಕರೆಯೋರು ಮರೆತ್ರೆ ಕೊನೇಗೆ ಉಳೀತೀನಿ," ಎಂದರು. ದೂರಿನ ಧ್ವನಿಯಿರಲಿಲ್ಲ. ಆದರೂ ಭಾಮೈದ ತಲೆ ತಗ್ಗಿಸಿದ.

ವಕೀಲೆ ಮಾತ್ರ, "ಶುರು ಮಾಡಿದ್ದು ಮುಗಿಸಾಣ, ಆಮೇಲೆ ಬರಿಯಾಣ," ಎಂದರು.

ಆಟ ಮುಂದುವರಿಯಿತು. ಸರದಿ ವಕೀಲೆಗೆ ಬಂತು. ಎದುರಾಳಿಗಳಲ್ಲಿ ಗುದ್ದಲಿ ಹಿಡಿದು ಹಿಂದೆ ನಿಂತ ಒಬ್ಬನಿಗೆ ಆ ಸುತ್ತಿನಲ್ಲಿ ಇನ್ನೂ ಸರದಿ ಸಿಕ್ಕಿರಲಿಲ್ಲ. ಅವರು ಕತ್ತಿ ಕೆಳಗಿಳಿಸುತ್ತೇನೆ ಎಂದರು. ಆಮೇಲೆ ಫ್ಲೆಕ್ಸಿನ ಮೇಲೆ ಅವನಿದ್ದ ಜಾಗಕ್ಕೆ ಬೆರಳಿಟ್ಟರು.

"ಮುಂದಿನ ಪಾಳಿ ಇವಂದು."

"ಮೇಡಂ, ಅವನು ಶತ್ರು," ಎಂದ ಭಾಮೈದ.

"ಯಾರನ್ನಾದ್ರೂ ಕರೀಬಹುದು ಅಂತೈತೆ. ನಮ್ಮ ಕಡೆಯವ್ರನ್ನೇ ಅಂತ ಎಲ್ಲಿ ಬರ್ದಾರೆ?" ಎಂದು ನನ್ನತ್ತ ನೋಡಿದರು. "ಹೇಳ್ರಿ ಅಣ್ಣ, ಅವನು ಏನ್ ಮಾಡ್ತಾನೆ? ಹೊಡೀಬ್ಯಾಡ್ರಿ, ಕೇಳ್ರಿ ಅವನ್ನ. ಇಷ್ಟು ದೂರ ಯಾಕ್ ಬಂದ ಅಂತ."

ಎದುರಾಳಿಗಳ ಏಟು ಸಾಲಾಗಿ ಬೀಳದಂತೆ ತಡೆಯುವ ಉಪಾಯ ಎಂದು ನಾನು ಅಂದುಕೊಂಡಿದ್ದೆ. ಆ ಮನುಷ್ಯ ನನಗೆ ಮಾರ್ಕರಿನ ಒಂದು ಚುಕ್ಕೆ, ಅಷ್ಟೆ. ಮೂವರೂ ನನ್ನ ಮುಖ ನೋಡುತ್ತಿದ್ದರು. ನಾನು ಚುಕ್ಕೆಯನ್ನು ನೋಡಿದೆ, ಅದರ ಹಿಂದೆ ನಾನೇ ಬರೆದಿದ್ದ ತುಂಬಿದ ಕೆರೆಯನ್ನು ನೋಡಿದೆ. ಕೆರೆ ಇಷ್ಟು ತುಂಬಿದರೆ ಹಿನ್ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಆಗ ಹೊಳೆಯಿತು.

"ಅವನು ಗುದ್ದಲಿ ಕೆಳಗಿಟ್ಟ," ಎಂದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಎಂಬಂತೆ ಕೇಳಿತು. "ಅವನು ಹೇಳ್ತಾನೆ, ನಿಮ್ ಏರಿ ಮ್ಯಾಲೆ ನಮಗೇನ್ ಹಗೆ ಇಲ್ಲ. ನೀರು ನಮ್ಮ ಮನೆ ಒಳಗೆ ನಿಂತೈತೆ. ಮಕ್ಕಳನ್ನ ಅಟ್ಟದ ಮ್ಯಾಲೆ ಕುಂದ್ರಿಸಿ ಬಂದೀವಿ."

ನಿಯಮದ ಪ್ರಕಾರ ಈಗ ಆ ಗುದ್ದಲಿಯವನೇ ಮುಂದಿನವರನ್ನು ಕರೆಯಬೇಕು. ಅವನು ಮೇಷ್ಟ್ರನ್ನು ಕರೆದ.

ಮೇಷ್ಟ್ರು ದಾಳ ಮುಟ್ಟಲಿಲ್ಲ. ಎದ್ದು ನಿಂತರು. "ಏರಿ ಒಡೆದ್ರೆ ಕೆಳಗಿನ ಊರು ಹೋಗುತ್ತೆ. ತೂಬು ತೆಗೆಯಾಣ. ಗದ್ದೆಗೆ ನೀರು ಹೋದ್ರೆ ಹೋಗ್ಲಿ, ಮನೆ ಉಳೀತಾವೆ. ಬರ್ರಿ, ಕೈ ಹಾಕ್ರಿ ಎಲ್ಲಾರು," ಎಂದರು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಮೇಲೆ ಸರದಿ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಡಾಡಿತು. ಒಬ್ಬ ತೂಬಿಗಿಳಿದ, ಇನ್ನೊಬ್ಬ ಹಗ್ಗ ಹಿಡಿದ. ಬಿದ್ದಿದ್ದ ಭಾಮೈದನ ಸೈನಿಕನನ್ನು, ಅವನ ಕಾಲು ಮುರಿದವನೇ ಬೆನ್ನ ಮೇಲೆ ಹೊತ್ತು ದಡ ಸೇರಿಸಿದ.

"ನಮ್ಮೋನು ಸತ್ತಿಲ್ಲ ತಾನೆ?" ಎಂದು ಭಾಮೈದ ಕೇಳಿದ.

ಇಷ್ಟು ವರ್ಷ ಕಥೆ ಹೇಳಿದವನು ನಾನು. ಆ ದಿನ ಕಥೆ ನನ್ನ ಕೈಯಲ್ಲಿರಲಿಲ್ಲ. ಬೇರೆ ಯಾರೋ ಬರೆದ ಒಂದು ಸಾಲಿನೊಳಗೆ ಇಷ್ಟು ದೊಡ್ಡ ಬಾಗಿಲಿತ್ತು ಎಂದು ಬರೆದವರಿಗಾದರೂ ಗೊತ್ತಿತ್ತೇ?

ಸಂಜೆ ಕೂತು ಅಭಿಪ್ರಾಯ ಬರೆದು ಕಳಿಸಿದೆವು. ಭಾಮೈದನ ಸಿಟ್ಟು, ಮೇಷ್ಟ್ರ ಮಾತು, ನಡೆದ ಸಂಗತಿ, ಎಲ್ಲವನ್ನೂ. ಕೊನೆಗೆ ವಕೀಲೆ, "ಇದನ್ನ ತಪ್ಪು ಅಂದ್ಕಂಡು ತಿದ್ದಬ್ಯಾಡ್ರಿ," ಎಂದು ತಾವೇ ಸೇರಿಸಿದರು.

ಕೆಲವು ವಾರಗಳ ಮೇಲೆ ತಿದ್ದಿದ ನಿಯಮ ಬಂತು. ಒಂದು ಸುತ್ತಿನ ಕೊನೆಯ ಸರದಿ ಆಡಿದ ಪಕ್ಷದವರು ಮುಂದಿನ ಸುತ್ತನ್ನು ಶುರು ಮಾಡುವಂತಿಲ್ಲ ಎಂದಿತ್ತು. ಇದು ತನ್ನಿಂದಲೇ ಆದದ್ದು ಎಂದು ಭಾಮೈದ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿದ. ಅದರ ಕೆಳಗೆ ಇನ್ನೊಂದು ಸಾಲು: ಎದುರಾಳಿಯನ್ನೂ ಕರೆಯಬಹುದು. ಕರೆಯುವವರು ಮರೆತರೆ ಎಂಬ ಮೇಷ್ಟ್ರ ಮಾತಿಗೆ ಮಾತ್ರ ಆ ಗುಂಪಿನ ಹತ್ತಿರ ನಿಯಮವಿರಲಿಲ್ಲ. ಅದನ್ನು ಜೊತೆಗೆ ಕೂತವರೇ ನೋಡಿಕೊಳ್ಳಬೇಕು ಎಂದು ಬರೆದಿದ್ದರು. ನೋಡಿಕೊಳ್ಳುತ್ತಿದ್ದೇವೆ.

ಎಲ್ಲ ಸಲವೂ ಹೀಗಾಗುವುದಿಲ್ಲ. ಮೊನ್ನೆ ವಕೀಲೆ ಚಿರತೆಯೊಂದಕ್ಕೆ ಸರದಿ ಕೊಟ್ಟರು. ಅದು ಅವರ ಮೇಲೇ ಹಾರಿತು, ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆದರೂ ಅವರು ಬೆರಳು ಚಾಚಿದ ಆ ಕ್ಷಣ ನಾನು ಉಸಿರು ಬಿಗಿಹಿಡಿದು ಕೂತಿದ್ದೆ.