ಮೆಟ್ಟಿಲ ಬದಿಯ ನಂದಿಬಟ್ಟಲು

ಮದುವೆಯಾಗಿ ಆದೋನಿಗೆ ಬಂದಾಗ ನನಗೆ ಹದಿನೇಳು ವರ್ಷ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಮಾವನವರದು ಹತ್ತಿ ವ್ಯಾಪಾರ. ಊರಾಚೆ, ಹತ್ತಿಯ ಬೀಜ ಬಿಡಿಸುವ ಗಿರಣಿಯ ಹಿಂದೆ ಅವರಿಗೊಂದು ತೋಟವಿತ್ತು. ತೋಟದ ನಡುವೆ ಕಲ್ಲು ಕಟ್ಟಿದ ಚೌಕಾಕಾರದ ಕೊಳ. ಎಷ್ಟೋ ವರ್ಷದಿಂದ ಹೂಳು ತುಂಬಿ ಒಣಗಿದ್ದ ಆ ಕೊಳವನ್ನು ಆ ಬೇಸಿಗೆಯಲ್ಲಿ ತೋಡಿಸಿ, ಬಾವಿಯಿಂದ ಕಾಲುವೆ ತೆಗೆಸಿ ನೀರು ಬಿಡಿಸಿದರು. ಕೊಳ ತುಂಬಿದ ದಿನ ನನ್ನನ್ನು ಕರೆದು, "ಸುತ್ತೆಲ್ಲ ಬರೇ ಕರಿಮಣ್ಣು ಕಾಣಸ್ತೈತಿ ನೋಡವ್ವ. ಯಾವ್ಯಾವ ಹೂವಿನ ಗಿಡ ಹಚ್ಚಬೇಕು, ಎಲ್ಲೆಲ್ಲಿ ಹಚ್ಚಬೇಕು, ನೀನ ಆರಿಸು" ಅಂದರು.

ನನಗೇ ಹೇಳಿದ್ದಕ್ಕೆ ಕಾರಣವಿತ್ತು. ನನ್ನಪ್ಪ ಕೋಸಗಿ ಸ್ಟೇಷನ್ನಿನಲ್ಲಿ ಗುಮಾಸ್ತರಾಗಿದ್ದರು. ರೈಲಿಗೆ ನೀರು ತುಂಬುವಾಗ ಚೆಲ್ಲಿದ್ದನ್ನೇ ಕಟ್ಟಿ ಹಾಕಿ, ಕ್ವಾರ್ಟರ್ಸಿನ ಹಿಂದೆ ಹೂದೋಟ ಬೆಳೆಸಿದ್ದರು. ಬಿಸಿಲು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಿಯೇ ಗಿಡ ಆರಿಸಬೇಕು ಎಂದು ನನಗೆ ಕಲಿಸಿದವರು ಅವರು.

ಹಾಗಾಗಿ ಮೂರು ದಿನ ಕೊಳದ ಸುತ್ತ ತಿರುಗಿದೆ. ಪಡುವಣ ದಂಡೆಗೆ ಬಿಸಿಲು ಹೆಚ್ಚು, ಅಲ್ಲಿಗೆ ಕಣಗಿಲೆ. ತುಂಬಿದ ನೀರು ಹರಿದು ಹೋಗುವ ತೂಬಿನ ಕೆಳಗೆ ಕೇದಗೆ. ಬಾವಿಯ ಕಡೆಗೆ ದುಂಡುಮಲ್ಲಿಗೆ. ಕೇದಗೆಯ ಹೆಸರು ಕೇಳಿ ಅತ್ತೆ, "ಅದು ಶಿವಗ ಏರಂಗಿಲ್ಲ, ಮ್ಯಾಲ ಹಾವು ಬರ್ತಾವು" ಎಂದು ಮುಖ ಸಿಂಡರಿಸಿದರು. ಮಾವನವರು ಸಸಿ ತರಲು ಆಳು ಕಳಿಸಿದರು.

ಗುಂಡಿ ತೋಡಲು ಒಬ್ಬ ಮುದುಕ ಮಾಲಿ ಇದ್ದ. ಮನೆಯಲ್ಲಿ ತೆಲುಗು, ನಮ್ಮೊಂದಿಗೆ ಎರಡೂ ಬೆರೆಸಿ ಆಡುವವನು. ಕಣಗಿಲೆಗೆಂದು ನಾನು ತೋರಿಸಿದ ಕಡೆ ಗುದ್ದಲಿ ಹಾಕಿದ. ಮೊಣಕೈ ಆಳದಲ್ಲಿ ಹಳೆಯ ಬೊಡ್ಡೆಯೊಂದು ಸಿಕ್ಕಿತು, ಕೊಡಲಿಯಿಂದ ಕಡಿದದ್ದು. ಕೇದಗೆಯ ಗುಂಡಿಯಲ್ಲಿ ಕೊಳೆತ ನಾರುಬೇರು ಕಂತೆಕಂತೆಯಾಗಿ ಬಂತು. ಮಲ್ಲಿಗೆಯ ಕಡೆ ಬೇರಿರಲಿಲ್ಲ, ಆದರೆ ಪಾತಿ ಕಟ್ಟಿದ ಕಲ್ಲುಗಳು ದುಂಡಗೆ ಇಟ್ಟಹಾಗೇ ಇದ್ದವು. ಮೇಲಿಂದ ನೋಡಿದರೆ ಎಲ್ಲ ಒಂದೇ ಸಮನಾದ ನೆಲ.

"ತಾತಾ, ಇಲ್ಲಿ ಮೊದಲು ಯಾರರ ಗಿಡ ಹಚ್ಚಿದ್ರೇನು?"

"ನಾಕೇಂ ತೆಲುಸಮ್ಮಾ" ಎಂದು ತೆಲುಗಿನಲ್ಲಿ, ತನಗೆ ಗೊತ್ತಿಲ್ಲವೆಂದ. ಆದರೆ ತಲೆ ಎತ್ತಲಿಲ್ಲ.

ಇನ್ನೊಂದು ಗಿಡ ಉಳಿದಿತ್ತು. ಕೊಳಕ್ಕೆ ಇಳಿಯುವ ಮೆಟ್ಟಿಲುಗಳ ಬದಿಯಲ್ಲಿ, ಬೇವಿನ ನೆರಳಿನಲ್ಲಿ, ಎರಡು ಕಲ್ಲುಗಳ ಸಂದು. ಗಿಡ ತಿಳಿದವರು ಯಾರೂ ಅಲ್ಲಿ ಏನನ್ನೂ ನೆಡುವುದಿಲ್ಲ. ನಾನೂ ಆ ಜಾಗದ ಬಗ್ಗೆ ಯೋಚಿಸಿರಲಿಲ್ಲ. ಆದರೂ ಬೆರಳು ಅತ್ತಲೇ ಹೋಯಿತು. "ಇಲ್ಲಿ ನಂದಿಬಟ್ಟಲು" ಅಂದೆ. ಮುದುಕ ಗುದ್ದಲಿ ಕೆಳಗಿಟ್ಟ. "ಅಕ್ಕಡ ವದ್ದಮ್ಮಾ. ಅಲ್ಲಿ ಬ್ಯಾಡ್ರಿ."

ನಾನು ಹಟ ಮಾಡಿದೆ. ಅವನು ಅಗೆದ. ಎರಡನೆಯ ಏಟಿಗೇ ಗುದ್ದಲಿ ಮೆತ್ತಗಿದ್ದುದೇನನ್ನೋ ಕಚ್ಚಿತು. ಮಣ್ಣು ಸರಿಸಿದರೆ ಮುಷ್ಟಿ ದಪ್ಪದ ಬೊಡ್ಡೆ, ಅದರ ಗಾಯದಿಂದ ಬೆಳ್ಳಗೆ ಹಾಲು ಒಸರುತ್ತಿತ್ತು. ಕಡಿದು ಮಣ್ಣು ಮುಚ್ಚಿ ಎಷ್ಟು ಕಾಲವಾಗಿತ್ತೋ, ಅದಿನ್ನೂ ಸತ್ತಿರಲಿಲ್ಲ.

ಬುತ್ತಿ ತಂದ ಅತ್ತೆ ಅದೇ ಹೊತ್ತಿಗೆ ಅಲ್ಲಿಗೆ ಬಂದರು. ಗುಂಡಿ ನೋಡಿದರು, ನನ್ನನ್ನು ನೋಡಿದರು. "ಯಾರು ಹೇಳಿದ್ರು ನಿನಗ? ಆಕಿ ಎಲ್ಲೆಲ್ಲಿ ಏನೇನು ಹಚ್ಚಿದ್ಲು ಅಂತ ಯಾರು ಹೇಳಿದ್ರು?"

"ಯಾವಾಕಿರಿ ಅತ್ತಿ?" ಅಂದೆ. ಅವರು ಬುತ್ತಿಯನ್ನು ಕಲ್ಲಿನ ಮೇಲಿಟ್ಟು ಹೊರಟುಹೋದರು.

ಹೇಳಿದವನು ಮಾಲಿ. ಮಾವನವರಿಗೆ ಒಬ್ಬಳು ತಂಗಿ ಇದ್ದಳಂತೆ. ಹದಿನೆಂಟಕ್ಕೆ ಗಂಡ ಸತ್ತು ತವರಿಗೆ ಬಂದವಳು. ಬೇಸರ ಕಳೆಯಲೆಂದು ಅಣ್ಣ ಅವಳಿಗೆ ಈ ತೋಟ ಒಪ್ಪಿಸಿದ್ದರು. ಕೊಳದ ಸುತ್ತಲಿನ ಗಿಡಗಳೆಲ್ಲ ಅವಳ ಕೈಯವು. ಒಂದು ದಿನ ಅವಳು ಕೊಳದ ಮೆಟ್ಟಿಲ ಮೇಲೆ ಕೂತು ತಲೆಗೆ ಹೂ ಮುಡಿದದ್ದನ್ನು ಮನೆಯವರು ಕಂಡರಂತೆ. ಅಣ್ಣ ಕೇಳಿದ್ದಕ್ಕೆ, ಮುಡಿದಿಲ್ಲ ಎಂದಳಂತೆ. ಅಣ್ಣ ನಂಬಲಿಲ್ಲ. ಮಾಧವರಂನ ನೆಂಟರ ಮನೆಗೆ ಕಳಿಸಿಬಿಟ್ಟರು. ಮೂರು ತಿಂಗಳಾದ ಮೇಲೆ, ನೀರು ತರಲು ತುಂಗಭದ್ರೆಗೆ ಹೋದವಳು ತಿರುಗಿ ಬರಲಿಲ್ಲ. ದಂಡೆಯ ಮೇಲೆ ತುಂಬಿದ ಕೊಡ ಇತ್ತು. ಆ ವಾರವೇ ಮಾವನವರು ಕೊಡಲಿ ಹಿಡಿದು ಇಲ್ಲಿನ ಗಿಡಗಳನ್ನೆಲ್ಲ ಕಡಿದರು. ಕೊಳವೂ ಹಾಳುಬಿತ್ತು.

ಬಿಸಿಲು, ನೀರು ನೋಡಿ ಆರಿಸಿದರೆ ಯಾರೇ ಆದರೂ ಅಲ್ಲಲ್ಲಿಗೆ ಅವೇ ಗಿಡ ಆರಿಸುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಕಣಗಿಲೆ, ಕೇದಗೆ, ಮಲ್ಲಿಗೆಗೆ ಆ ಮಾತು ಸರಿ. ನಂದಿಬಟ್ಟಲಿಗೆ ಏನು ಹೇಳಿಕೊಳ್ಳಲಿ?

ಸಂಜೆ ಮಾವನವರು ಬಂದು ಗುಂಡಿಯ ಬಳಿ ಬಗ್ಗಿ ಬೊಡ್ಡೆಯನ್ನು ಮುಟ್ಟಿ ನೋಡಿದರು. "ಈ ಬೊಡ್ಡಿ ತೆಗೀಬ್ಯಾಡ್ರಿ. ಜೀವ ಐತಿ ಅದಕ್ಕ" ಎಂದಷ್ಟೇ ಹೇಳಿ ಹೋದರು. ಹಾಗಾಗಿ ಅಲ್ಲಿ ಹೊಸ ಗಿಡ ನೆಡಲಿಲ್ಲ. ಮಳೆಗಾಲಕ್ಕೆ ಬೊಡ್ಡೆ ತಾನೇ ಚಿಗುರಿತು. ಬೆಳಕು ಹುಡುಕುತ್ತ ನೀರಿನ ಮೇಲಕ್ಕೇ ಬಾಗಿತು. ಎರಡು ವರ್ಷದಲ್ಲಿ ಅದರ ಕೊಂಬೆ ಮೂರನೆಯ ಮೆಟ್ಟಿಲ ಮೇಲೆ ಚಪ್ಪರದ ಹಾಗೆ ಹಬ್ಬಿ, ಮೈತುಂಬ ಬಿಳಿ ಹೂ ಬಿಟ್ಟಿತು.

ಆ ವರ್ಷದ ಒಂದು ಮಧ್ಯಾಹ್ನ. ಎಣ್ಣೆ ಹಚ್ಚಿ ತಲೆಗೆ ಎರೆದುಕೊಂಡಿದ್ದೆ, ಕೂದಲು ಒದ್ದೆ. ಗಿರಣಿಗೆ ರಜೆ, ಎಲ್ಲಿಯೂ ಸದ್ದಿಲ್ಲ. ಮೂರನೆಯ ಮೆಟ್ಟಿಲಲ್ಲಿ ಕೂತು ನೀರಿಗೆ ಬಾಗಿದೆ. ಕೆಳಗಿದ್ದ ಹೆಂಗಸಿನ ತಲೆತುಂಬ ಹೂವಿತ್ತು. ಹಣೆಯಲ್ಲಿ ಕುಂಕುಮ ಇರಲಿಲ್ಲ. ನನ್ನ ಹಣೆ ಮುಟ್ಟಿ ನೋಡಿಕೊಂಡೆ. ಬೆರಳಿಗೆ ಕುಂಕುಮ ಹತ್ತಿತು.

ಆಗ ಆಚೆ ದಂಡೆಯಿಂದ, ನಾನೆಂದೂ ಕೇಳಿರದ ದನಿಯಲ್ಲಿ ಅತ್ತೆ ಕೂಗಿದರು. "ತೆಗಿ! ತಲ್ಯಾಗಿನ ಹೂ ತೆಗಿ! ನಿಮ್ಮಣ್ಣಗ ಹೇಳ್ತೀನಿ ನೋಡು!"

ನನಗೆ ಅಣ್ಣಂದಿರಿಲ್ಲ. ಕೊಂಬೆ ಸರಿಸಿ ಎದ್ದು ನಿಂತು, "ಅತ್ತಿ, ನಾನ್ರಿ" ಅಂದೆ.

ಅವರು ಕೊಳ ಸುತ್ತಿ ಬಂದು ನನ್ನ ಒದ್ದೆ ಕೂದಲನ್ನು ಎರಡೂ ಕೈಯಿಂದ ತಡಕಿದರು. ಒಂದು ಎಸಳೂ ಇರಲಿಲ್ಲ. ಆಚೆ ದಂಡೆಗೆ ಕೊಂಬೆ ಅಡ್ಡ, ಮೆಟ್ಟಿಲಲ್ಲಿ ಕೂತವರು ಕಾಣುವುದಿಲ್ಲ. ನೀರು ಮಾತ್ರ ಕಾಣುತ್ತದೆ. ಅವರು ನಾನು ಕೂತಿದ್ದ ಕಡೆಯೇ ಮೆಲ್ಲಗೆ ಕೂತು ನೀರಿಗೆ ಬಾಗಿದರು. ಅವರ ನರೆತ ತಲೆಯ ಮೇಲೆ ನೀರಿನಲ್ಲಿ ಹೂ ಮುಡಿಸಿದ ಹಾಗಿತ್ತು. ಕೊಂಬೆ ಮೇಲಿದ್ದರೂ ನೀರಿನಲ್ಲಿ ತಲೆಗೆ ಅಂಟಿಕೊಂಡೇ ಕಾಣುತ್ತಿತ್ತು. ಆ ಸಂದಿನಲ್ಲಿ ಮಾವನವರ ತಂಗಿ ಗಿಡ ಯಾಕೆ ನೆಟ್ಟಳೆಂದು ನನಗೆ ಆಗ ಗೊತ್ತಾಯಿತು.

"ಆಕಿ ಮುಡ್ಕೊಂಡಿದ್ದಿಲ್ಲ" ಎಂದರು ಅತ್ತೆ. ಆಮೇಲೆ ನನ್ನ ಮೊಣಕೈ ಹಿಡಿದು, "ಅವತ್ತು ನೋಡಿದಾಕಿ ನಾನ. ಕಣ್ಣಾರೆ ಕಂಡೀನಿ ಅಂತ ದೇವರ ಮುಂದಿನ ಇಬತ್ತಿ ಮುಟ್ಟಿ ಆಣಿ ಮಾಡಿ ಹೇಳಿದ್ದೆ. ನಿಮ್ಮ ಮಾವಗ ಹೇಳಬ್ಯಾಡವ್ವ" ಎಂದರು. ನಾನು ಹೇಳಲಿಲ್ಲ.

ಯುದ್ಧದ ಕೊನೆಯ ವರ್ಷ ಮಾವನವರು ಹಾಸಿಗೆ ಹಿಡಿದರು. ಒಂದು ಮುಂಜಾನೆ ನಾನು ದಿಂಬು ಸರಿಮಾಡುತ್ತಿದ್ದಾಗ ಕೇಳಿದರು: "ಆಕಿ ಖರೇನ ಹೂ ಮುಡ್ಕೊಂಡಿದ್ಲೇನವ್ವ? ನಿಮ್ಮತ್ತಿ ಏನರ ಹೇಳ್ಯಾಳೇನು?"

ಅತ್ತೆ ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿದ್ದರು. "ನನಗೇನೂ ಗೊತ್ತಿಲ್ರಿ ಮಾವ" ಅಂದೆ.

ಅತ್ತೆ ಒಳಗೆ ಬಂದರು. "ಮುಡ್ಕೊಂಡಿದ್ದಿಲ್ರಿ. ನಾನು ನೀರಾಗ ನೋಡಿ ಹೇಳಿದ್ದೆ" ಎಂದರು.

ಮಾವನವರು ಗೋಡೆಯ ಕಡೆ ಹೊರಳಿದರು. ಅತ್ತೆಯ ಕೈಯಿಂದ ಮತ್ತೆ ಒಂದು ಗುಟುಕೂ ಕುಡಿಯಲಿಲ್ಲ. ಆಮೇಲೆ ಅವರು ಬದುಕಿದ ಹನ್ನೊಂದು ದಿನವೂ ನಾನೇ ಕುಡಿಸಿದೆ. ಅತ್ತೆ ಬಾಗಿಲಾಚೆ ನೆಲದ ಮೇಲೆ ಕೂತು, ಗಂಜಿ ಆರಿಸಿ ಆರಿಸಿ ನನ್ನ ಕೈಗೆ ಕೊಡುತ್ತಿದ್ದರು.